ಅಲರ್ಜಿ ಕಾಲಂ ಖಾಲಿ ಇದ್ದರೆ ಏನರ್ಥ?

ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಡೆ ಈಗ ಕಂಪ್ಯೂಟರ್ ಬಂದು ಕೂತಿದೆ. ಹೆಸರು, ವಯಸ್ಸು, ಫೋನ್ ನಂಬರ್ ಕೇಳುತ್ತಾರೆ, ಟೈಪ್ ಮಾಡುತ್ತಾರೆ, ಪ್ರಿಂಟ್ ಆದ ಚೀಟಿ ಕೊಡುತ್ತಾರೆ. ಕೆಲವು ಕಡೆ ಕಂಪ್ಯೂಟರಿನ ಕೆಲಸ ಅಲ್ಲಿಗೇ ಮುಗಿಯುತ್ತದೆ, ಒಳಗೆ ಡಾಕ್ಟರು ಕೈಯಲ್ಲೇ ಬರೆಯುತ್ತಾರೆ. ಇನ್ನು ಕೆಲವು ಕಡೆ ಬಿಪಿ, ತೂಕ, ಲ್ಯಾಬ್ ರಿಪೋರ್ಟ್, ಮಾತ್ರೆ ಎಲ್ಲವೂ ಸ್ಕ್ರೀನಿನಲ್ಲೇ. ಇದನ್ನು ನೋಡಿ ಜನ ಎರಡು ಮಾತು ಆಡುತ್ತಾರೆ. "ಡಾಕ್ಟ್ರು ಈಗ ನಮ್ಮ ಮುಖ ನೋಡಲ್ಲ, ಸ್ಕ್ರೀನ್ ನೋಡ್ತಾರೆ" ಅನ್ನುವುದು ಒಂದು. "ಎಲ್ಲ ಕಂಪ್ಯೂಟರಲ್ಲಿ ಇದೆ ಅಲ್ವಾ, ಇನ್ನು ತಪ್ಪಾಗಲ್ಲ ಬಿಡಿ" ಅನ್ನುವುದು ಇನ್ನೊಂದು. ಮೊದಲನೆಯದು ಬೇಜಾರಿನ ಮಾತು, ಅದರಲ್ಲಿ ಸತ್ಯವೂ ಇದೆ. ಆದರೆ ನನಗೆ ಹೆದರಿಕೆ ಆಗುವುದು ಎರಡನೆಯದನ್ನು ಕೇಳಿದಾಗ.

ರೋಗಿಯ ಸುರಕ್ಷತೆ ಅಂದ ಕೂಡಲೇ ನಮಗೆ ಆಪರೇಷನ್ ಥಿಯೇಟರ್ ನೆನಪಾಗುತ್ತದೆ. ಹೊಟ್ಟೆಯಲ್ಲಿ ಕತ್ತರಿ ಬಿಟ್ಟರು, ಎಡಗಾಲಿನ ಬದಲು ಬಲಗಾಲು ಕೊಯ್ದರು, ಇಂಥದ್ದು ಪೇಪರಿಗೆ ಬರುತ್ತದೆ. ಊರಿನ ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಣ್ಣ ಕ್ಲಿನಿಕ್ಕಿನಲ್ಲಿ ಆಗುವ ತಪ್ಪು ಹಾಗಿರುವುದಿಲ್ಲ. ಅದು ಸದ್ದಿಲ್ಲದೆ ಆಗುತ್ತದೆ, ಒಂದೇ ದಿನದಲ್ಲೂ ಆಗುವುದಿಲ್ಲ. ಬೇಡದ ಮಾತ್ರೆ ಆರು ತಿಂಗಳು ನಡೆಯುತ್ತದೆ, ಬಂದ ರಿಪೋರ್ಟನ್ನು ಯಾರೂ ನೋಡುವುದಿಲ್ಲ, ಮೈಸೂರಿನ ಡಾಕ್ಟರು ನಿಲ್ಲಿಸಿದ ಔಷಧಿ ಇಲ್ಲಿ ಮುಂದುವರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ, ಪ್ರಪಂಚದಲ್ಲಿ ಪ್ರಾಥಮಿಕ ಚಿಕಿತ್ಸೆ ಮತ್ತು ಹೊರರೋಗಿ ಚಿಕಿತ್ಸೆ ಪಡೆಯುವ 10 ಜನರಲ್ಲಿ 4 ಜನರವರೆಗೆ ಆ ಚಿಕಿತ್ಸೆಯಿಂದಲೇ ಏನಾದರೊಂದು ತೊಂದರೆ ಆಗುತ್ತದೆ. ಅದರಲ್ಲಿ ಶೇಕಡಾ 80ರವರೆಗೆ ತಪ್ಪಿಸಬಹುದಾದದ್ದು. ಎಲ್ಲವೂ ಪ್ರಾಣ ಹೋಗುವಂಥದ್ದಲ್ಲ. ಆದರೆ ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಗೆ ಅದು ಸಣ್ಣ ವಿಷಯವೂ ಅಲ್ಲ.

ಒಂದು ಉದಾಹರಣೆ ಕಟ್ಟಿ ನೋಡೋಣ. ನಮ್ಮ ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಬೆಳೆಗಾರ, 62 ವರ್ಷ. ಪಿಎಚ್‌ಸಿಯಲ್ಲಿ ಬಿಪಿಗೆ ಆಮ್ಲೋಡಿಪಿನ್ 5 ಮಿಲಿಗ್ರಾಂ ಕೊಡುತ್ತಿದ್ದಾರೆ, ಕಂಪ್ಯೂಟರಿನಲ್ಲಿ ಅದು ಸರಿಯಾಗಿಯೇ ದಾಖಲಾಗಿದೆ. ಮಗಳ ಮನೆಗೆ ಅಂತ ಮೈಸೂರಿಗೆ ಹೋದಾಗ ಬಿಪಿ ಸ್ವಲ್ಪ ಜಾಸ್ತಿ ಇತ್ತು, ಅಲ್ಲಿನ ಡಾಕ್ಟರು ಬೇರೆ ಮಾತ್ರೆ ಬರೆದರು. ಆ ಮಾತ್ರೆಯ ಹೆಸರು ಕಂಪನಿ ಇಟ್ಟ ಹೆಸರು. ಒಳಗಿರುವುದು ಟೆಲ್ಮಿಸಾರ್ಟನ್ ಮತ್ತು ಅದೇ ಆಮ್ಲೋಡಿಪಿನ್. ಊರಿಗೆ ಬಂದವರು ಎರಡನ್ನೂ ನುಂಗುತ್ತಾರೆ, ಯಾಕೆಂದರೆ ಒಂದು ಸರ್ಕಾರಿ ಆಸ್ಪತ್ರೆಯ ಬಿಳಿ ಮಾತ್ರೆ, ಇನ್ನೊಂದು ಬೇರೆ ಬಣ್ಣದ್ದು, ಬೇರೆ ಹೆಸರಿನದ್ದು, ಎರಡೂ ಒಂದೇ ಅಂತ ಯಾರಿಗೆ ಗೊತ್ತಾಗಬೇಕು? ಆಮ್ಲೋಡಿಪಿನ್ ಈಗ 10 ಮಿಲಿಗ್ರಾಂ ಆಯಿತು. ಈ ಔಷಧಿ ಜಾಸ್ತಿಯಾದರೆ ಕಾಲು ಊದುವುದು ಸಾಮಾನ್ಯ. ಊದಿತು. ಪಿಎಚ್‌ಸಿಗೆ ಬಂದರು. ಸ್ಕ್ರೀನ್ ನೋಡಿದರೆ ಆಮ್ಲೋಡಿಪಿನ್ 5 ಮಾತ್ರ ಕಾಣುತ್ತದೆ, ಅಷ್ಟಕ್ಕೆ ಇಷ್ಟು ಊದಬಾರದಲ್ಲ ಅಂತ ನೀರಿಳಿಸಲು ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಸೇರಿತು. ಅಷ್ಟು ಹೊತ್ತಿಗೆ ಕಾಫಿ ಕೊಯ್ಲು, ಓಡಾಟ, ಮಂಡಿ ನೋವು. ಮೆಡಿಕಲ್‌ನಲ್ಲಿ ಕೇಳಿ ಡೈಕ್ಲೋಫೆನಾಕ್ ತಗೊಂಡರು, ದಿನಕ್ಕೆ ಎರಡು.

ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ನೋವಿನ ಮಾತ್ರೆ. ಈ ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಇದು ವೈದ್ಯಕೀಯದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಈಗ ಹೇಳಿ, ತಪ್ಪು ಮಾಡಿದ್ದು ಯಾರು? ಮೈಸೂರಿನವರು ಬರೆದ ಮಾತ್ರೆ ತಪ್ಪಲ್ಲ. ಪಿಎಚ್‌ಸಿ ಡಾಕ್ಟರು ತಮಗೆ ಕಂಡಿದ್ದಕ್ಕೆ ಸರಿಯಾಗಿಯೇ ಯೋಚಿಸಿದರು. ಸಾಫ್ಟ್‌ವೇರಿಗೆ ಔಷಧಿಗಳ ಜೋಡಿ ನೋಡಿ ಎಚ್ಚರಿಸುವ ಶಕ್ತಿ ಇದ್ದರೂ ಅದು ಬಾಯಿ ಬಿಡಲಿಲ್ಲ, ಯಾಕೆಂದರೆ ನಾಲ್ಕು ಮಾತ್ರೆಗಳಲ್ಲಿ ಅದಕ್ಕೆ ಗೊತ್ತಿದ್ದದ್ದು ಎರಡೇ. ಕಂಪ್ಯೂಟರ್ ಇಲ್ಲಿ ಸುಳ್ಳು ಹೇಳಿಲ್ಲ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ" ಅಂತ ಹೇಳಲಿಲ್ಲ, ಅಷ್ಟೇ. ಈ ಲೇಖನದ ಮುಖ್ಯ ವಿಷಯವೂ ಅದೇ.

ಹಾಗಂತ ಕಾಗದವೇ ಚೆನ್ನಾಗಿತ್ತು ಅನ್ನುವವರ ಜೊತೆ ನಾನಿಲ್ಲ. ಡಾಕ್ಟರ ಕೈಬರಹದ ಬಗ್ಗೆ ತಮಾಷೆ ಮಾಡಿ ಮಾಡಿ ನಮಗೆ ಅಭ್ಯಾಸವಾಗಿದೆ, ಆದರೆ ಅದು ಎಷ್ಟು ಅಪಾಯ ಅಂದರೆ ಔಷಧಿಯ ಮೂಲ ಹೆಸರನ್ನು ಓದುವ ಹಾಗೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮವನ್ನೇ ತಿದ್ದಬೇಕಾಯಿತು. ಪ್ರಿಂಟ್ ಆದ ಚೀಟಿಯಲ್ಲಿ ಆ ಗೋಳಿಲ್ಲ. ಇನ್ನೊಂದು, ಕಾಗದ ಕಳೆದುಹೋಗುತ್ತದೆ, ಒದ್ದೆಯಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರಲ್ಲಿ ಯಾರು ಸಕ್ಕರೆ ಕಾಯಿಲೆಯ ಚೀಟಿ ಹುಡುಕಿಕೊಂಡು ನಿಲ್ಲುತ್ತಾರೆ? ಪರಿಹಾರ ಕೇಂದ್ರಕ್ಕೆ ಬಂದ ಡಾಕ್ಟರಿಗೆ "ಒಂದು ಸಣ್ಣ ಮಾತ್ರೆ, ಬೆಳಿಗ್ಗೆ ತಗೊಳ್ತಿದ್ದೆ" ಅಂದರೆ ಅವರು ಅದರಲ್ಲಿ ಏನು ಅಂತ ಹುಡುಕಬೇಕು? ಇಂಥ ಜಿಲ್ಲೆಗೆ ಚೀಟಿ ಬೇರೆಲ್ಲೋ ಸುರಕ್ಷಿತವಾಗಿರುವುದು ಸಣ್ಣ ಲಾಭವಲ್ಲ.

ಇದಕ್ಕಿಂತ ದೊಡ್ಡ ಲಾಭ ಒಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಕಾಗದದ ರಿಜಿಸ್ಟರಿಗೆ ಬಂದವರು ಮಾತ್ರ ಗೊತ್ತು. ಬಾರದವರು ಯಾರು ಅಂತ ಅದನ್ನು ಕೇಳುವ ಹಾಗಿಲ್ಲ. ಸರಿಯಾಗಿ ತುಂಬಿಸಿದ ಕಂಪ್ಯೂಟರನ್ನು ಕೇಳಬಹುದು: ಸಕ್ಕರೆ ಕಾಯಿಲೆ ಇದ್ದೂ ಮೂರು ತಿಂಗಳಿಂದ ಮಾತ್ರೆ ತಗೊಂಡು ಹೋಗದವರು ಯಾರು, ಮಗುವಿಗೆ ಎರಡನೇ ಡೋಸ್ ಲಸಿಕೆ ಬಾಕಿ ಇರುವ ಮನೆ ಯಾವುದು, ಎಂಟನೇ ತಿಂಗಳಾದರೂ ರಕ್ತ ಪರೀಕ್ಷೆ ಆಗದ ಬಸುರಿ ಯಾರು. ಗುಡ್ಡಗಾಡಿನಲ್ಲಿ ಒಂದು ಪಿಎಚ್‌ಸಿಗೆ 20,000 ಜನ ಅನ್ನುವುದು ಸರ್ಕಾರದ ಲೆಕ್ಕ, ಬಯಲುಸೀಮೆಯಲ್ಲಾದರೆ 30,000. ಅಷ್ಟು ಜನರಲ್ಲಿ ಬಾರದವರನ್ನು ನೆನಪಿಟ್ಟುಕೊಳ್ಳುವುದು ಯಾವ ಡಾಕ್ಟರಿಗೂ ಆಗದ ಕೆಲಸ. ಪಟ್ಟಿ ಸಿಕ್ಕರೆ ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಬಹುದು. ಕಂಪ್ಯೂಟರ್ ತಂದು ಬರೀ ಚೀಟಿ ಪ್ರಿಂಟ್ ಮಾಡಿಸುವುದು ನನ್ನ ಪ್ರಕಾರ ಅರ್ಧ ಕೆಲಸವೂ ಅಲ್ಲ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಹೆಚ್ಚಿನ ಸಾಫ್ಟ್‌ವೇರುಗಳಲ್ಲಿ ಔಷಧಿ ಅಲರ್ಜಿ ಬರೆಯಲು ಒಂದು ಜಾಗ ಇರುತ್ತದೆ. ಅದು ಖಾಲಿ ಇದ್ದರೆ ಎರಡು ಅರ್ಥ. ಈ ಮನುಷ್ಯನಿಗೆ ಯಾವ ಔಷಧಿಯೂ ಅಲರ್ಜಿ ಇಲ್ಲ, ಅದು ಒಂದು. ಯಾರೂ ಕೇಳಿಯೇ ಇಲ್ಲ, ಅದು ಇನ್ನೊಂದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ತೋಟದ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಕೆಲಸಕ್ಕೆ ಬಾರದವರ ಎದುರು ಲೆಕ್ಕ ಬರೆಯುವ ರೈಟರು ಒಂದು ಗುರುತು ಹಾಕುತ್ತಾರೆ, ಖಾಲಿ ಬಿಟ್ಟಿದ್ದರೆ ಬರೆಯುವುದು ಬಾಕಿ ಇದೆ ಅಂತ, ಎರಡನ್ನೂ ಒಂದೇ ಮಾಡಿದರೆ ಶನಿವಾರ ಸಂಬಳದ ಹೊತ್ತಿಗೆ ಜಗಳವೇ. ಒಳ್ಳೆಯ ಸಾಫ್ಟ್‌ವೇರಿನಲ್ಲಿ ಮೂರು ಆಯ್ಕೆ ಇರಬೇಕು: ಇದೆ, ಕೇಳಿದ್ದೇವೆ ಇಲ್ಲ, ಇನ್ನೂ ಕೇಳಿಲ್ಲ. ಮೂರನೆಯದು ಕೆಂಪಾಗಿ ಕಾಣಬೇಕು. ಇಷ್ಟು ಸಣ್ಣ ವಿಷಯ.

ಕೇಳುವುದರಲ್ಲೂ ಒಂದು ವಿಧಾನ ಇದೆ. "ಅಲರ್ಜಿ ಇದೆಯಾ?" ಅಂದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲ ಅಂತಲೇ ಹೇಳುತ್ತಾರೆ, ಆ ಮಾತು ಅವರಿಗೆ ಧೂಳು, ಸೀನು, ಸಿಗಡಿ ತಿಂದರೆ ಬರುವ ತುರಿಕೆ ಅಂತ ಕೇಳಿಸುತ್ತದೆ. ಅದರಲ್ಲೂ ನಮ್ಮ ಜಿಲ್ಲೆಯ ಆಸ್ಪತ್ರೆ ಸಾಲಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಭಾಷೆ, ಈಗ ಅಸ್ಸಾಂ ಕಡೆಯವರ ಹಿಂದಿ, ಎಲ್ಲ ಒಟ್ಟಿಗೆ ನಿಂತಿರುತ್ತದೆ. "ಯಾವತ್ತಾದರೂ ಮಾತ್ರೆಯೋ ಇಂಜೆಕ್ಷನ್ನೋ ತಗೊಂಡ ಮೇಲೆ ಮೈಯೆಲ್ಲ ದದ್ದು ಎದ್ದಿತ್ತಾ? ಮುಖ ಊದಿತ್ತಾ? ಉಸಿರು ಕಟ್ಟಿತ್ತಾ?" ಅಂತ ಕೇಳಬೇಕು. ಹೌದು ಅಂದರೆ ಯಾವ ಔಷಧಿ, ಯಾವಾಗ, ಏನಾಯಿತು, ಇಷ್ಟನ್ನೂ ಬರೆಯಬೇಕು. ಬರೀ "ಪೆನಿಸಿಲಿನ್ ಅಲರ್ಜಿ" ಅಂತ ಬರೆದು ಬಿಡುವುದರಲ್ಲೂ ತೊಂದರೆ ಇದೆ. ಹಾಗೆ ಬರೆಸಿಕೊಂಡವರನ್ನು ಸರಿಯಾಗಿ ಪರೀಕ್ಷೆ ಮಾಡಿದರೆ 10ರಲ್ಲಿ ಸುಮಾರು 9 ಜನಕ್ಕೆ ನಿಜವಾದ ಅಲರ್ಜಿ ಇರುವುದಿಲ್ಲ ಅಂತ ಕಂಡುಬಂದಿದೆ. ಹೊಟ್ಟೆ ಕೆಟ್ಟಿದ್ದನ್ನೂ ಅಲರ್ಜಿ ಅಂತ ಬರೆದಿರುತ್ತಾರೆ. ಆಮೇಲೆ ಆ ಮನುಷ್ಯನಿಗೆ ಜೀವನಪೂರ್ತಿ ಒಳ್ಳೆಯ, ಅಗ್ಗದ ಔಷಧಿ ಸಿಗುವುದಿಲ್ಲ.

ಆ ದಾಖಲೆ ಸರಿಯಾದ ವ್ಯಕ್ತಿಯದ್ದೇ ಅಂತ ಖಾತ್ರಿ ಇಲ್ಲದಿದ್ದರೆ ಮೇಲಿನದ್ದೆಲ್ಲ ವ್ಯರ್ಥ. ಇಲ್ಲಿ ಕೊಡಗಿನ ಸಮಸ್ಯೆಯೇ ಬೇರೆ. ಕೊಡವರಲ್ಲಿ ಮನೆಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅರೆಭಾಷೆ ಗೌಡರಲ್ಲೂ ಮನೆಹೆಸರು ಇದೆ. ಸಾಫ್ಟ್‌ವೇರಿನಲ್ಲಿ ಇರುವುದು ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಡಬ್ಬಿ. ಟೈಪ್ ಮಾಡುವವರು ಒಮ್ಮೆ ಮನೆಹೆಸರನ್ನು ಮೊದಲ ಡಬ್ಬಿಗೆ ಹಾಕುತ್ತಾರೆ, ಒಮ್ಮೆ ಎರಡನೆಯದಕ್ಕೆ, ಒಮ್ಮೆ ಬರೀ ಇನಿಷಿಯಲ್. ಮದುವೆಯಾದ ಹೆಣ್ಣುಮಗಳ ಮನೆಹೆಸರು ಬದಲಾಗುತ್ತದೆ, ಹಾಗಾಗಿ ತವರಿನಲ್ಲಿದ್ದಾಗ ಆದ ಪೆನಿಸಿಲಿನ್ ರಿಯಾಕ್ಷನ್ ಹಳೆಯ ಹೆಸರಿನಲ್ಲಿ ಉಳಿದುಹೋಗುತ್ತದೆ. ಪೊನ್ನಮ್ಮ, ಕಾವೇರಮ್ಮ ಅಂತ ಹುಡುಕಿದರೆ ಸ್ಕ್ರೀನ್ ತುಂಬ ಬರುತ್ತದೆ. ಆದಿವಾಸಿ ಹಾಡಿಗಳ ಹಿರಿಯರಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ, ಅಂದಾಜು ವರ್ಷ ಹಾಕಿ ಜನವರಿ 1 ಅಂತ ಬರೆಯುತ್ತಾರೆ, ಒಂದೇ ದಿನ ಹುಟ್ಟಿದವರು ಹಾಡಿ ತುಂಬ! ಫೋನ್ ನಂಬರ್ ನಂಬೋಣ ಅಂದರೆ ತೋಟದ ಕೂಲಿಯವರ ಲೈನ್ ಮನೆಯ ಐದಾರು ಜನಕ್ಕೆ ಒಂದೇ ನಂಬರ್, ಕೆಲವು ಸಲ ಅದು ತೋಟದ ರೈಟರದ್ದು.

ಇದರಿಂದ ಎರಡು ಥರದ ತಪ್ಪು ಹುಟ್ಟುತ್ತದೆ. ಒಬ್ಬರದ್ದೇ ದಾಖಲೆ ಮೂರು ಕಡೆ ಹರಿದು ಹಂಚಿಹೋಗುವುದು ಒಂದು. ಇಬ್ಬರ ದಾಖಲೆ ಒಂದಕ್ಕೊಂದು ಬೆರೆತುಹೋಗುವುದು ಇನ್ನೊಂದು. ಎರಡನೆಯದು ಹೆಚ್ಚು ಭಯಂಕರ. ಅತ್ತೆಯ ಶುಗರ್ ರಿಪೋರ್ಟ್ ಸೊಸೆಯ ಹೆಸರಿನಲ್ಲಿ ಕೂತರೆ ಅದನ್ನು ಬಿಡಿಸುವುದು ಬಹಳ ಕಷ್ಟ, ಯಾಕೆಂದರೆ ಎಲ್ಲವೂ ಅಚ್ಚುಕಟ್ಟಾಗಿ ಪ್ರಿಂಟ್ ಆಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ತಡೆಯುವ ಉಪಾಯ ಹಳೆಯದು, ಖರ್ಚೂ ಇಲ್ಲ. ಔಷಧಿ ಕೊಡುವ ಮೊದಲು, ರಕ್ತ ತೆಗೆಯುವ ಮೊದಲು ಕಡಿಮೆ ಅಂದರೆ ಎರಡು ಗುರುತು ಕೇಳಬೇಕು, ಹೆಸರಿನ ಜೊತೆ ಗಂಡನ ಅಥವಾ ಅಪ್ಪನ ಹೆಸರೋ, ವಯಸ್ಸೋ, ಊರೋ. ಕೇಳುವಾಗ "ನೀವು ಪೊನ್ನಮ್ಮನಾ?" ಅನ್ನಬಾರದು. ಕಿವಿ ಮಂದ ಇರುವವರು, ಜ್ವರದಲ್ಲಿ ಇರುವವರು, ಭಾಷೆ ಗೊತ್ತಿಲ್ಲದವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರೇನು ಹೇಳಿ" ಅನ್ನಬೇಕು.

ಆಭಾ ನಂಬರ್ ಬಂದ ಮೇಲೆ ಇದೆಲ್ಲ ಸರಿಹೋಗುತ್ತದಾ? ಸ್ವಲ್ಪ ಹೋಗುತ್ತದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದೆಲ್ಲೆಡೆ ಶುರುವಾದದ್ದು 2021ರ ಸೆಪ್ಟೆಂಬರ್ 27ರಂದು. ಅದರಲ್ಲಿ ಮಾಡಿಸಿಕೊಂಡ ಪ್ರತಿಯೊಬ್ಬರಿಗೂ 14 ಅಂಕಿಯ ಒಂದು ನಂಬರ್, ಅದೇ ಆಭಾ. ಇದಕ್ಕೂ ಐದು ಲಕ್ಷದ ಆಯುಷ್ಮಾನ್ ಕಾರ್ಡಿಗೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆ ಕಾರ್ಡ್ ಆಸ್ಪತ್ರೆ ಖರ್ಚಿನದ್ದು, ಇದು ಬರೀ ಗುರುತು. ಆಭಾ ಇದೆ ಅಂದ ಮಾತ್ರಕ್ಕೆ ನಿಮ್ಮ ದಾಖಲೆಯೆಲ್ಲ ದೆಹಲಿಯ ಒಂದು ಕಂಪ್ಯೂಟರಿನಲ್ಲಿ ಹೋಗಿ ಕೂರುವುದಿಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ಬೇರೆ ಡಾಕ್ಟರು ನೋಡಬೇಕು ಅಂದಾಗ ನಿಮ್ಮ ಮೊಬೈಲಿಗೆ ಒಪ್ಪಿಗೆ ಕೇಳಿ ಬರುತ್ತದೆ, ನೀವು ಒಪ್ಪಿದರೆ ಹೋಗುತ್ತದೆ. ಆದರೆ ಇದಕ್ಕೆ ಎರಡೂ ಕಡೆಯ ಸಾಫ್ಟ್‌ವೇರ್ ಆ ವ್ಯವಸ್ಥೆಗೆ ಜೋಡಣೆ ಆಗಿರಬೇಕು, ಆವತ್ತಿನ ಚೀಟಿಯನ್ನು ನಿಮ್ಮ ನಂಬರಿಗೆ ಸೇರಿಸಿರಬೇಕು. ನಂಬರ್ ಇದ್ದೂ ಅದರ ಹಿಂದೆ ಒಂದೇ ಒಂದು ದಾಖಲೆ ಇಲ್ಲದಿರಬಹುದು. ನಾಪೋಕ್ಲಿನ ಆ ಬೆಳೆಗಾರರ ಮೈಸೂರಿನ ಡಾಕ್ಟರು ಕೈಯಲ್ಲೇ ಬರೆಯುವವರಾಗಿದ್ದರೆ ಆಭಾ ಇದ್ದೂ ಕಥೆ ಅದೇ.

ಇನ್ನು ಕಂಪ್ಯೂಟರ್ ತಾನೇ ಹುಟ್ಟಿಸುವ ತಪ್ಪುಗಳು. ಇವು ಕಾಗದದ ಕಾಲದಲ್ಲಿ ಇರಲಿಲ್ಲ, ಹಾಗಾಗಿ ಇವನ್ನು ಹುಡುಕುವ ಅಭ್ಯಾಸವೂ ನಮಗಿಲ್ಲ.

ಮಕ್ಕಳ ಜ್ವರದ ಔಷಧಿಯನ್ನೇ ತಗೊಳ್ಳಿ. ಪ್ಯಾರಾಸಿಟಮಾಲ್ ಹನಿ ಔಷಧಿ ಬರುತ್ತದೆ, ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ. ಸಿರಪ್ ಬರುತ್ತದೆ, ಸಾಮಾನ್ಯವಾದದ್ದರಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ. ಅಂದರೆ ಹನಿ ಔಷಧಿ ನಾಲ್ಕು ಪಟ್ಟು ಗಟ್ಟಿ. ಸ್ಕ್ರೀನಿನಲ್ಲಿ ಎರಡೂ ಒಂದರ ಕೆಳಗೆ ಒಂದು. ಅವಸರದಲ್ಲಿ ಬೆರಳು ಒಂದು ಸಾಲು ಜಾರಿದರೆ ಸಾಕು, ಸಿರಪ್ ಅಂದುಕೊಂಡು 5 ಮಿಲಿಲೀಟರ್ ಅಂತ ಹಾಕಿದ್ದು ಹನಿ ಔಷಧಿಯ ಎದುರು ಕೂರುತ್ತದೆ, 125 ಹೋಗಬೇಕಾದಲ್ಲಿ 500 ಮಿಲಿಗ್ರಾಂ ಹೋಗುತ್ತದೆ. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಕೊಡಬಹುದಾದದ್ದು 100ರಿಂದ 150. ಕೈಯಲ್ಲಿ ಬರೆಯುವವರು "ಹನಿ" ಅಂತ ಬರೆದು "5 ಮಿಲಿ" ಅಂತ ಬರೆಯುವ ಸಾಧ್ಯತೆ ಕಡಿಮೆ, ಬರೆಯುವ ಕೈಗೆ ಅಭ್ಯಾಸ ಇರುತ್ತದೆ. ಕ್ಲಿಕ್ ಮಾಡುವ ಬೆರಳಿಗೆ ಆ ಅಭ್ಯಾಸ ಇಲ್ಲ. ಮಗುವಿನ ತೂಕ ಹಳೆಯದೇ ಉಳಿದುಕೊಂಡಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ತಗೊಳ್ಳುವ ಮಾತ್ರೆ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಸಾಫ್ಟ್‌ವೇರ್ ಎಲ್ಲ ಮಾತ್ರೆಗೂ ತಾನಾಗಿಯೇ "ದಿನಕ್ಕೊಂದು" ಅಂತ ತುಂಬಿಸಿ ಇಟ್ಟಿದ್ದರೆ ಅದನ್ನು ಬದಲಾಯಿಸಲು ಡಾಕ್ಟರು ನೆನಪಿಡಬೇಕು. ಒಳ್ಳೆಯ ಸಾಫ್ಟ್‌ವೇರ್ ಆ ಮಾತ್ರೆಗೆ ದಿನಾ ಅನ್ನುವ ಆಯ್ಕೆಯನ್ನೇ ಕೊಡಬಾರದು.

ಹಾಗಾದರೆ ಎಚ್ಚರಿಕೆಯ ಗಂಟೆ ಹೊಡೆಯಲಿ ಅಂತೀರಾ? ಹೊಡೆಯುತ್ತದೆ, ಅದೇ ಸಮಸ್ಯೆ. ಎಲ್ಲದಕ್ಕೂ ಹೊಡೆದರೆ ಯಾರೂ ಕೇಳುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ ಔಷಧಿ ಎಚ್ಚರಿಕೆಗಳಲ್ಲಿ ಶೇಕಡಾ 49ರಿಂದ 96ರವರೆಗೆ ಡಾಕ್ಟರುಗಳು ಬದಿಗೆ ಸರಿಸಿ ಮುಂದೆ ಹೋಗಿದ್ದರು. ಅದರಲ್ಲಿ ಬಹಳಷ್ಟು ನಿಜಕ್ಕೂ ಬೇಡದ ಎಚ್ಚರಿಕೆಗಳೇ. ಹೊರಗೆ ಸಾಲು ಬಾಗಿಲು ದಾಟಿರುವಾಗ "ಈ ಎರಡು ಮಾತ್ರೆ ಒಟ್ಟಿಗೆ ಕೊಟ್ಟರೆ ಸ್ವಲ್ಪ ನಿದ್ದೆ ಬರಬಹುದು" ಅಂತ ಹತ್ತನೇ ಸಲ ಬಂದರೆ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ. ಹನ್ನೊಂದನೆಯದು ನಿಜವಾದ ಅಪಾಯದ್ದಾಗಿದ್ದರೆ ಅದೂ ಮುಚ್ಚಿಹೋಗುತ್ತದೆ. ಎಚ್ಚರಿಕೆ ಕಡಿಮೆ ಇರಬೇಕು, ಇದ್ದದ್ದು ಗಟ್ಟಿಯಾಗಿರಬೇಕು.

ಕಂಪ್ಯೂಟರಿನ ಲೆಕ್ಕವೇ ತಪ್ಪಿದರೆ? ಅದೂ ಆಗಿದೆ. ಇಂಗ್ಲೆಂಡಿನ ಸಾವಿರಾರು ಊರ ಡಾಕ್ಟರುಗಳು ಬಳಸುವ ಸಿಸ್ಟಮ್‌ಒನ್ ಅನ್ನುವ ಸಾಫ್ಟ್‌ವೇರಿನಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಾಧ್ಯತೆ ಲೆಕ್ಕ ಹಾಕುವ ಒಂದು ಭಾಗ ಇದೆ. ಅದು 2009ರಿಂದ ಕೆಲವರಿಗೆ ತಪ್ಪು ಉತ್ತರ ಕೊಡುತ್ತಿತ್ತು ಅಂತ ಬಯಲಾದದ್ದು 2016ರಲ್ಲಿ. ಅಪಾಯ ಇದ್ದವರಿಗೆ ಇಲ್ಲ ಅಂದಿತ್ತು, ಇಲ್ಲದವರಿಗೆ ಇದೆ ಅಂದಿತ್ತು. ಒಬ್ಬ ಡಾಕ್ಟರು ತಪ್ಪು ಮಾಡಿದರೆ ಒಂದು ಊರಿಗೆ ತೊಂದರೆ. ಸಾಫ್ಟ್‌ವೇರಿನ ತಪ್ಪು ಎಲ್ಲ ಊರಿಗೂ ಒಂದೇ ಸಲ ಹೋಗುತ್ತದೆ.

ಲ್ಯಾಬ್ ರಿಪೋರ್ಟಿನ ವಿಷಯ ಇನ್ನೊಂದು ಥರ. ಮೊದಲೆಲ್ಲ ರಿಪೋರ್ಟ್ ನಮ್ಮ ಕೈಗೇ ಬರುತ್ತಿತ್ತು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿಂಗ್ ಫಿಲ್ಮು, ಹಳೇ ಚೀಟಿ, ಅರ್ಧ ಮುಗಿದ ಮಾತ್ರೆ ಸ್ಟ್ರಿಪ್ಪು ಎಲ್ಲದರ ಜೊತೆ ಅದೂ ಸೇರಿಕೊಳ್ಳುತ್ತಿತ್ತು. ಡಾಕ್ಟರು ಆ ಕವರನ್ನು ಮೇಜಿನ ಮೇಲೆ ಸುರಿದು ನೋಡುತ್ತಿದ್ದರು. ಈಗ ರಿಪೋರ್ಟ್ ಕಂಪ್ಯೂಟರಿಗೆ ಬಂದು ಕೂರುತ್ತದೆ. ಸಂಜೆ ನಾಲ್ಕಕ್ಕೆ ಬಂತು, ರೋಗಿ ಬಸ್ಸು ತಪ್ಪುತ್ತದೆ ಅಂತ ಎರಡೂವರೆಗೇ ಹೊರಟಾಗಿತ್ತು. ಮಾರನೇ ದಿನ ಭಾರೀ ಮಳೆ. ಆಮೇಲೆ ಅವರು ಬಂದದ್ದು ಎರಡು ತಿಂಗಳು ಬಿಟ್ಟು, ಬೇರೆ ಕಾರಣಕ್ಕೆ, ಬೇರೆ ಡಾಕ್ಟರ ಹತ್ತಿರ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಜಾಸ್ತಿ ಬಂದದ್ದು ಸ್ಕ್ರೀನಿನ ಇನ್ನೊಂದು ಪುಟದಲ್ಲಿ ಹಾಗೇ ಇತ್ತು. "ಏನೂ ಹೇಳಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಅಲ್ವಾ?" ಅಂತ ರೋಗಿ ಅಂದುಕೊಂಡಿರುತ್ತಾರೆ. ಮತ್ತೆ ಅದೇ ಖಾಲಿ ಜಾಗದ ಕಥೆ ನೋಡಿ. ಪ್ರತಿ ರಿಪೋರ್ಟಿನ ಎದುರು "ನೋಡಿದ್ದು ಯಾರು, ರೋಗಿಗೆ ಹೇಳಿದ್ದು ಯಾವಾಗ" ಅಂತ ತುಂಬಿಸುವ ಜಾಗ ಇರಬೇಕು, ತುಂಬಿಸದೆ ಉಳಿದದ್ದರ ಪಟ್ಟಿಯನ್ನು ದಿನದ ಕೊನೆಗೆ ಯಾರಾದರೊಬ್ಬರು ತೆಗೆದು ನೋಡಬೇಕು. ಆ "ಯಾರಾದರೊಬ್ಬರು" ಯಾರು ಅಂತ ಮೊದಲೇ ಗೊತ್ತುಮಾಡದಿದ್ದರೆ ಯಾರೂ ನೋಡುವುದಿಲ್ಲ.

ಮಳೆಗಾಲದ ಮಾತು ಬಂದ ಮೇಲೆ ಕರೆಂಟಿನ ಮಾತು ಬೇರೆ ಹೇಳಬೇಕಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ಶ್ರೀಮಂಗಲದ ಕಡೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ, ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಇದು ಬರೀ ಗುಡ್ಡಗಾಡಿನ ಕಷ್ಟ ಅಂದುಕೊಳ್ಳಬೇಡಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿ ಆಗಿ ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲೇ ಬರೆದರು. ಅವರ ಹತ್ತಿರವೇ ಹಾಗಾದರೆ ನಮ್ಮ ಪಿಎಚ್‌ಸಿಗೆ ಕಾಗದದ ಫಾರಂ ರೆಡಿ ಇರಲೇಬೇಕು. ಫಾರಂ ಇದ್ದರೆ ಸಾಲದು. ಕರೆಂಟ್ ಬಂದ ಮೇಲೆ ಅದನ್ನು ಕಂಪ್ಯೂಟರಿಗೆ ಯಾರು ಹಾಕುತ್ತಾರೆ? ಹಾಕದೆ ಬಿಟ್ಟರೆ ದಾಖಲೆಯಲ್ಲಿ ಆ ನಾಲ್ಕು ದಿನ ಯಾರೂ ಕಾಯಿಲೆ ಬೀಳಲೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ, ಆ ದಿನ ಕೊಟ್ಟ ಮಾತ್ರೆಯೂ ಇಲ್ಲ, ಬರೆದುಕೊಂಡ ಅಲರ್ಜಿಯೂ ಇಲ್ಲ.

ಗುಟ್ಟು ಕಾಪಾಡುವುದೂ ಸುರಕ್ಷತೆಯ ವಿಷಯವೇ ಅಂತ ನಾನು ಹೇಳುತ್ತೇನೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿದು. ಚೀಟಿ ಮಾಡಿಸುವ ಕಂಪ್ಯೂಟರಿನ ಮುಖ ಸಾಲಿನ ಕಡೆ ತಿರುಗಿದ್ದರೆ, ಕ್ಷಯಕ್ಕೋ ಮನಸ್ಸಿನ ಕಾಯಿಲೆಗೋ ಮಾತ್ರೆ ತಗೊಳ್ಳುವವರು ಅದನ್ನು ಹೇಳುವುದೇ ಇಲ್ಲ. ಹೇಳದ ಮಾತ್ರೆ ಪಟ್ಟಿಯಲ್ಲಿ ಇರುವುದಿಲ್ಲ. ಆಸ್ಪತ್ರೆಯ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವುದು ಇನ್ನೊಂದು ಕೆಟ್ಟ ಅಭ್ಯಾಸ, ಅದನ್ನು ಸ್ಕ್ರೀನಿನ ಅಂಚಿಗೆ ಚೀಟಿಯಲ್ಲಿ ಅಂಟಿಸಿದ್ದನ್ನೂ ನೋಡಿದ್ದೇನೆ. ಯಾರು ಬರೆದರು ಅಂತ ಗೊತ್ತಾಗದ ದಾಖಲೆಯಲ್ಲಿ ತಪ್ಪು ಸಿಕ್ಕಿದರೂ ಕೇಳಲು ಯಾರೂ ಇರುವುದಿಲ್ಲ.

ನಮ್ಮ ಕೈಯಲ್ಲಿ ಏನಿದೆ? ಪ್ಲಾಸ್ಟಿಕ್ ಕವರನ್ನು ಎಸೆಯಬೇಡಿ, ಅದು ಮೊದಲನೆಯದು. ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನೂ, ಮೆಡಿಕಲ್‌ನಿಂದ ತಂದದ್ದು, ಆಯುರ್ವೇದದ್ದು, ನಾಟಿ ಔಷಧಿ ಸೇರಿಸಿ, ಆಸ್ಪತ್ರೆಗೆ ತಗೊಂಡು ಹೋಗಿ ಮೇಜಿನ ಮೇಲೆ ಇಡಿ, "ಸರ್, ಇದೆಲ್ಲ ಕಂಪ್ಯೂಟರಲ್ಲಿ ಇದೆಯಾ ನೋಡಿ" ಅನ್ನಿ. ಅದರಲ್ಲಿ ನಾಚಿಕೆ ಏನಿಲ್ಲ. ಸ್ಟ್ರಿಪ್ಪಿನ ಹಿಂದೆ ಕಂಪನಿ ಹೆಸರಿನ ಹತ್ತಿರ ಔಷಧಿಯ ಮೂಲ ಹೆಸರು ಇರುತ್ತದೆ, ಎರಡು ಸ್ಟ್ರಿಪ್ಪಿನಲ್ಲಿ ಒಂದೇ ಹೆಸರು ಕಂಡರೆ ನುಂಗುವ ಮೊದಲು ಕೇಳಿ. ಪ್ರಿಂಟ್ ಆದ ಚೀಟಿ ಕೈಗೆ ಬಂದಾಗ ಹೆಸರು, ವಯಸ್ಸು ನಿಮ್ಮದೇನಾ ಅಂತ ಒಂದು ಸಲ ಓದಿ. ರಕ್ತ ಕೊಟ್ಟು ಬರುವಾಗ ರಿಪೋರ್ಟ್ ಯಾವಾಗ, ಯಾರು ಹೇಳುತ್ತಾರೆ ಅಂತ ಕೇಳಿಕೊಂಡೇ ಹೊರಡಿ. ಔಷಧಿಯಿಂದ ತೊಂದರೆ ಆಗಿದೆ ಅನ್ನಿಸಿದರೆ ಮೊದಲು ಡಾಕ್ಟರಿಗೆ ತಿಳಿಸಿ, ಆಮೇಲೆ 1800-180-3024ಕ್ಕೆ ಫೋನ್ ಮಾಡಿಯೂ ಹೇಳಬಹುದು. 2010ರಲ್ಲಿ ಶುರುವಾದ ರಾಷ್ಟ್ರೀಯ ಔಷಧಿ ಸುರಕ್ಷತಾ ಕಾರ್ಯಕ್ರಮದ ಉಚಿತ ನಂಬರ್ ಅದು.

ಆಭಾ ಮಾಡಿಸಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ, ಮಾಡಿಸಿ, ಆದರೆ ಕಡ್ಡಾಯ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಅದು ನಿಮ್ಮ ಇಷ್ಟ. ಮಾಡಿಸುವಾಗ ಮಗನದ್ದೋ ರೈಟರದ್ದೋ ನಂಬರ್ ಕೊಡದೆ ಆದಷ್ಟು ನಿಮ್ಮದೇ ನಂಬರ್ ಕೊಡಿ, ಇಲ್ಲದಿದ್ದರೆ ಒಪ್ಪಿಗೆ ಕೇಳುವ ಓಟಿಪಿ ಅವರಿಗೆ ಹೋಗುತ್ತದೆ. ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆಯೇ, ಮನೆಹೆಸರು ಎಲ್ಲಿದೆಯೋ ಅಲ್ಲೇ ಇಟ್ಟು ಬರೆಸಿ. ಮೊಬೈಲ್ ಆ್ಯಪಿನಲ್ಲಿ ಯಾವ ಯಾವ ಆಸ್ಪತ್ರೆಯ ದಾಖಲೆ ನಿಮ್ಮ ನಂಬರಿಗೆ ಸೇರಿದೆ ಅಂತ ಕಾಣುತ್ತದೆ. ಅಲ್ಲಿ ಕಾಣದೆ ಇರುವ ಆಸ್ಪತ್ರೆಯ ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಬೇಕು. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಅದೇ ಆ್ಯಪಿನಲ್ಲಿ ವಾಪಸ್ ತಗೊಳ್ಳಲೂ ಬರುತ್ತದೆ.